ದಂಡಿಗೆ, ಸೋರೆ, ತಂತಿ: ಕೈಯಿಂದ ಕೈಗೆ ಬರಬೇಕಾದ ವಿದ್ಯೆ

ಬಶೀರಾಬಾದ್ ಸೀಮೆಯ ಹಳ್ಳಿಗಳಲ್ಲಿ ರಾತ್ರಿ ಭಜನೆ ಕೂಡಿದಾಗ ಎಲ್ಲಕ್ಕಿಂತ ಮೊದಲು ಕೇಳಿಬರುವುದು ಏಕತಾರಿಯ ನಾದ. ಹಾಡುವ ತತ್ತ್ವಪದ ಕನ್ನಡದ್ದಾಗಿರಲಿ, ತೆಲುಗಿನದಾಗಿರಲಿ, ಒಂದೇ ತಂತಿಯ ಆ ವಾದ್ಯವು ಎರಡು ನುಡಿಗಳಿಗೂ ಸಮನಾಗಿ ಶ್ರುತಿ ಹಿಡಿಯುತ್ತದೆ. ಅದರ ರಚನೆ ಅತ್ಯಂತ ಸರಳ. ಒಣಗಿದ ಒಂದು ಸೋರೆಬುರುಡೆ, ಅದರಲ್ಲಿ ನೆಟ್ಟ ಒಂದು ಬಿದಿರುಕೋಲು, ಬಿಗಿದು ಕಟ್ಟಿದ ಒಂದು ತಂತಿ. ಸಿತಾರ, ತಂಬೂರಿ, ವೀಣೆ, ಗಿಟಾರ್ ಮೊದಲಾದ ವಾದ್ಯಗಳ ಮೂಲತತ್ತ್ವವೂ ಬಹುಮಟ್ಟಿಗೆ ಇಷ್ಟೇ. ಬಿಗಿದ ತಂತಿಯೊಂದು ಕಂಪಿಸಬೇಕು. ಆ ಕಂಪನವನ್ನು ದೊಡ್ಡದು ಮಾಡಿ ಕಿವಿಗೆ ಮುಟ್ಟಿಸುವ ಒಂದು ಉಪಾಯವಿರಬೇಕು.

ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವಾಗಿಸೆಂದು ಕೂಡಲಸಂಗಮನನ್ನು ಬೇಡಿಕೊಂಡ ವಚನವು ಕನ್ನಡ ಶಾಲೆಯ ಮಕ್ಕಳಿಗೆ ಪರಿಚಿತವಾದುದು. ದಂಡಿಗೆ, ಸೋರೆ, ತಂತಿ ಎಂಬ ಮೂರು ಮಾತುಗಳೂ ಅದರಲ್ಲಿ ಬರುತ್ತವೆ. ವಾದ್ಯ ಕಟ್ಟುವವನ ಕಸುಬಿನ ಶಬ್ದಗಳು 12ನೆಯ ಶತಮಾನದಲ್ಲಿಯೇ ಕನ್ನಡಿಗರ ನಾಲಗೆಯ ಮೇಲೆ ಇದ್ದುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅದೇ ಕಾಲದಲ್ಲಿ ಕಲ್ಯಾಣಕ್ಕೆ ಬಂದ ಕಿನ್ನರಿ ಬೊಮ್ಮಯ್ಯನು ಆಂಧ್ರದೇಶದವನೆಂದೂ, ಅಕ್ಕಸಾಲಿಗನಾಗಿದ್ದನೆಂದೂ, ಕಿನ್ನರಿ ನುಡಿಸುವುದನ್ನೇ ಕಾಯಕವಾಗಿ ಮಾಡಿಕೊಂಡನೆಂದೂ ಶರಣ ಪರಂಪರೆ ಹೇಳುತ್ತದೆ. ಆ ಕಲ್ಯಾಣ, ಇಂದಿನ ಬಸವಕಲ್ಯಾಣ, ಜಹೀರಾಬಾದಿನ ಜನರಿಗೆ ದೂರದ ಊರೇನಲ್ಲ.

ಕಿನ್ನರಿಯ ವಂಶ ಇಂದಿಗೂ ಅಳಿದಿಲ್ಲ. ತೆಲಂಗಾಣದಲ್ಲಿ ಅದನ್ನು ಕಿನ್ನೆರ ಎನ್ನುತ್ತಾರೆ. ಹನ್ನೆರಡು ಮೆಟ್ಟಿಲುಗಳ ಕಿನ್ನೆರವನ್ನು ನುಡಿಸುವ ನಾಗರಕರ್ನೂಲು ಜಿಲ್ಲೆಯ ದರ್ಶನಂ ಮೊಗಿಲಯ್ಯನವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಪ್ರಶಸ್ತಿಯ ಸುದ್ದಿಯಿಂದ ಆ ವಾದ್ಯದ ಹೆಸರು ಮನೆಮನೆಗೂ ತಲುಪಿತು. ಆದರೆ ಒಂದು ಪ್ರಶ್ನೆ ಉಳಿದೇ ಇದೆ. ನುಡಿಸುವವನ ಹೆಸರು ಲೋಕಕ್ಕೆ ತಿಳಿಯುತ್ತದೆ. ವಾದ್ಯವನ್ನು ಕಟ್ಟುವ ಕೈಯ ಗತಿ ಏನು? ಆ ವಿದ್ಯೆ ಯಾರಿಂದ ಯಾರಿಗೆ ದಾಟುತ್ತದೆ, ಯಾವಾಗ ದಾಟದೆ ನಿಂತುಬಿಡುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಗಡಿಯ ಇನ್ನೊಂದು ಊರಿನ ಕಡೆಗೆ ನೋಡಬೇಕಾಗುತ್ತದೆ. ಆ ಊರು ಮಿರಜ.

ಕತ್ತಿ ಮಸೆಯುವವರ ಕೈಗೆ ಬಂದ ಸಿತಾರ

ತಾಂಡೂರಿನಿಂದ ರೈಲಿನಲ್ಲಿ ವಾಡಿಗೆ ಹೋಗಿ, ಅಲ್ಲಿಂದ ಸೊಲ್ಲಾಪುರ, ಕುರ್ಡುವಾಡಿ, ಪಂಢರಪುರಗಳ ಮೇಲೆ ಸಾಗಿದರೆ ಮಿರಜ ಸಿಗುತ್ತದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿದ ಈ ಊರು ಕರ್ನಾಟಕದ ಗಡಿಗೆ ಅಂಟಿಕೊಂಡಿದೆ. ಮರಾಠಿ, ಕನ್ನಡ, ಉರ್ದು ಮೂರೂ ಅದರ ಪೇಟೆಯಲ್ಲಿ ಕೇಳಿಬರುತ್ತವೆ. ಹಿಂದೆ ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಮಿರಜ ಇಂದು ದೇಶವಿದೇಶಗಳ ಗಾಯಕರಿಗೆ ಗೊತ್ತಿರುವುದು ತಂಬೂರಿ ಮತ್ತು ಸಿತಾರಗಳಿಂದ.

ಈ ಕಸುಬು ಅಲ್ಲಿ ಬೇರೂರಿದ್ದು 19ನೆಯ ಶತಮಾನದ ನಡುಭಾಗದಲ್ಲಿ. ಫರೀದ್ ಸಾಹೇಬರ ಹೆಸರು ಅದರ ಆರಂಭದೊಂದಿಗೆ ಸೇರಿಕೊಂಡಿದೆ. ಅವರ ಮನೆತನದವರು ಶಿಕಲಗಾರರು, ಎಂದರೆ ಕತ್ತಿ, ಖಡ್ಗ, ಭರ್ಚಿಗಳನ್ನು ಮಸೆದು ಹರಿತ ಮಾಡುವವರು. ಸಂಸ್ಥಾನಗಳ ಸೇನೆ ಕರಗಿ ಆಯುಧಗಳಿಗೆ ಕೆಲಸ ತಪ್ಪಿದಾಗ ಅವರು ವಾದ್ಯಗಳ ಕಡೆಗೆ ತಿರುಗಿದರೆಂದು ಮಿರಜಿನ ಪರಂಪರೆ ಹೇಳುತ್ತದೆ. ಲೋಹದ ಅಂಚನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ತಿದ್ದಬಲ್ಲ ಕೈಗಳು ಮರದ ಮೇಲೆ, ಮೂಳೆಯ ಮೇಲೆ ಅದೇ ಸೂಕ್ಷ್ಮತೆಯನ್ನು ತೋರಿದುವು. ಅವರ ವಂಶದವರು ಮುಂದೆ ಸಿತಾರಮೇಕರ್ ಎಂಬ ಅಡ್ಡಹೆಸರನ್ನೇ ಇಟ್ಟುಕೊಂಡರು. ಕಸುಬು ಮನೆತನದ ಹೆಸರಾದ ಮೇಲೆ ಅದು ಬರಿಯ ಜೀವನೋಪಾಯವಾಗಿ ಉಳಿಯುವುದಿಲ್ಲ. ಮನೆಯ ಮರ್ಯಾದೆಯೂ ಆಗುತ್ತದೆ.

ಮಿರಜಿನ ಹೆಸರನ್ನು ಬೆಳೆಸುವುದರಲ್ಲಿ ಕನ್ನಡಿಗರ ಪಾಲು ಸಣ್ಣದಲ್ಲ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆಸಿದವರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇರುವುದೂ ಅಲ್ಲಿಯೇ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು; ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು ಮತ್ತು ಭೀಮಸೇನ ಜೋಶಿಯವರು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಎಳೆಯ ವಯಸ್ಸಿನಲ್ಲಿ ಗುರುಗಳನ್ನು ಅರಸಿ ಹೋದದ್ದು ಮಿರಜಿಗೆ, ನೀಲಕಂಠಬುವಾ ಆಲೂರಮಠರ ಬಳಿಗೆ. ಹಾಡುವವರು ಇದ್ದ ಕಡೆ ತಂಬೂರಿ ಬೇಕಾಗುತ್ತದೆ. ತಂಬೂರಿ ಕೊಳ್ಳಲು ಬಂದ ಗವಾಯಿಯು ಕಾರ್ಖಾನೆಯಲ್ಲಿ ಕುಳಿತು, ಕೇಳಿ, ಒಪ್ಪದಿದ್ದರೆ ಮತ್ತೆ ತಿದ್ದಿಸಿ, ಒಪ್ಪಿದ ಮೇಲೆಯೇ ಎತ್ತಿಕೊಂಡು ಹೋಗುವ ವಾಡಿಕೆಯಿಂದ ಕುಶಲಕರ್ಮಿಯ ಕಿವಿ ಪಳಗಿತು. ಮಾಡುವವನಿಗೆ ಹಾಡುವವನು ಗುರುವಾದನು.

ಬುರುಡೆಯಿಂದ ತಂಬೂರಿಯವರೆಗೆ

ತಂಬೂರಿಯ ಕೆಲಸ ಆರಂಭವಾಗುವುದು ಕಾರ್ಖಾನೆಯಲ್ಲಲ್ಲ, ಹೊಲದಲ್ಲಿ. ಮಿರಜಿಗೆ ಬೇಕಾದ ದೊಡ್ಡ ಬುರುಡೆಗಳು ಸೊಲ್ಲಾಪುರ ಜಿಲ್ಲೆಯ ಪಂಢರಪುರ, ಮಂಗಳವೇಢೆಗಳ ಸುತ್ತಿನಿಂದ ಬರುತ್ತವೆ. ಬಿಜ್ಜಳನ ಕಾಲದಲ್ಲಿ ಬಸವಣ್ಣನವರು ಕಾಯಕ ಆರಂಭಿಸಿದ ಮಂಗಳವಾಡವೆಂದರೆ ಇದೇ ಮಂಗಳವೇಢೆ. ವಾದ್ಯಕ್ಕೆ ಬೇಕಾದ ಸೋರೆ ತಿನ್ನುವ ಜಾತಿಯದಲ್ಲ. ತಿರುಳು ಕಹಿ, ತೊಗಟೆ ದಪ್ಪ. ಕಾಯಿ ಬಳ್ಳಿಯಲ್ಲಿಯೇ ಬಲಿಯಬೇಕು. ಕಿತ್ತ ಮೇಲೆ ತಿಂಗಳುಗಟ್ಟಲೆ ಒಣಗಬೇಕು. ಅವಸರದಿಂದ ಒಣಗಿಸಿದ ಬುರುಡೆ ಮುಂದೊಂದು ದಿನ ಬಿರುಕು ಬಿಡುತ್ತದೆ. ಎರಡು ಬುರುಡೆಗಳು ಎಂದೂ ಒಂದೇ ಅಳತೆಯವಾಗಿರುವುದಿಲ್ಲ. ಆದುದರಿಂದ ಬುರುಡೆಯನ್ನು ನೋಡಿ ವಾದ್ಯದ ಅಳತೆ ನಿರ್ಧರಿಸುತ್ತಾರೆ. ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು ಕಷ್ಟವಾಗಿರುವುದಕ್ಕೆ ಮೊದಲ ಕಾರಣ ಇಲ್ಲಿಯೇ ಇದೆ.

ಒಣಗಿದ ಬುರುಡೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಬೇಕಾದ ಕಡೆ ಕತ್ತರಿಸಿ, ಬೀಜ ತಿರುಳುಗಳನ್ನು ಕೆರೆದು ತೆಗೆಯುತ್ತಾರೆ. ಒಳಗೆ ಬಿದಿರಿನ ಕಡ್ಡಿಗಳನ್ನು ಅಡ್ಡಲಾಗಿ ಕೊಟ್ಟು ಬಾಯಿಯನ್ನು ಅಗಲಿಸಿ, ಆ ಆಕಾರದಲ್ಲಿಯೇ ಮತ್ತೆ ಒಣಗಲು ಬಿಡುತ್ತಾರೆ. ಬುರುಡೆಗೂ ಉದ್ದನೆಯ ದಂಡಿಗೆಗೂ ನಡುವಿನ ಕತ್ತಿನ ಭಾಗವನ್ನು ಬೇರೆಯಾಗಿ ಮರದಲ್ಲಿ ಕೊರೆದು ಕೂಡಿಸುತ್ತಾರೆ. ದಂಡಿಗೆಗೂ, ಬುರುಡೆಯ ಬಾಯಿಯನ್ನು ಮುಚ್ಚುವ ತಬಲಿ ಎಂಬ ತೆಳು ಹಲಗೆಗೂ ಬಳಸುವುದು ಬಹುತೇಕ ತುನ್ ಮರ. ಅದು ಹಗುರ, ನಾದ ಒಯ್ಯುವಂಥದು. ದಂಡಿಗೆಯನ್ನು ಒಳಗಿನಿಂದ ಟೊಳ್ಳು ಮಾಡುತ್ತಾರೆ. ತಬಲಿಯ ದಪ್ಪ ಹೆಚ್ಚಾದರೆ ನಾದ ಮಂಕಾಗುತ್ತದೆ; ಕಡಿಮೆಯಾದರೆ ತಂತಿಗಳ ಒತ್ತಡಕ್ಕೆ ಹಲಗೆ ಕುಸಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಬೆರಳಿನಿಂದ ತಟ್ಟಿ ಕೇಳಿ ತೀರ್ಮಾನಿಸುತ್ತಾರೆ.

ಗಂಡಸರ ಶ್ರುತಿಯ ತಂಬೂರಿ ಸುಮಾರು 5 ಅಡಿ ಉದ್ದವಿರುತ್ತದೆ. ಹೆಂಗಸರದು ಅದಕ್ಕಿಂತ ಗಿಡ್ಡ. ಸಾಮಾನ್ಯವಾಗಿ ನಾಲ್ಕು ತಂತಿಗಳು. ಮೊದಲನೆಯದು ಪಂಚಮ, ನಡುವಿನ ಎರಡು ಷಡ್ಜ, ಕೊನೆಯ ಹಿತ್ತಾಳೆಯ ತಂತಿ ಮಂದ್ರ ಷಡ್ಜ. ಪಂಚಮವಿಲ್ಲದ ರಾಗವಾದರೆ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸುವುದುಂಟು. ಬಿರಡೆಗಳನ್ನು ತಿರುಗಿಸಿ ತಂತಿಯನ್ನು ಹದಕ್ಕೆ ತಂದ ಮೇಲೆ, ತಂತಿಯಲ್ಲಿ ಪೋಣಿಸಿದ ಸಣ್ಣ ಮಣಿಯನ್ನು ಸರಿಸಿ ಉಳಿದ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ನೀಗಿಸುತ್ತಾರೆ. ಅರಗಿನ ಮೆರುಗು, ಬಳ್ಳಿ ಹೂಗಳ ಕೆತ್ತನೆ ಇವೆಲ್ಲ ನಡುವೆ ನಡೆಯುತ್ತವೆ. ಆದರೆ ಇಷ್ಟೆಲ್ಲ ಆದರೂ ತಂಬೂರಿ ಇನ್ನೂ ಮೂಕವೇ. ಅದಕ್ಕೆ ಜೀವ ಬರುವುದು ಜವಾರಿಯಿಂದ.

ರಾಮನ್ನರನ್ನು ಸೆಳೆದ ಕುದುರೆ

ತಂತಿಗಳು ಹಾದುಹೋಗುವ ಚಿಕ್ಕ ಪೀಠಕ್ಕೆ ಕನ್ನಡದಲ್ಲಿ ಕುದುರೆ ಎನ್ನುತ್ತಾರೆ. ಪಿಟೀಲಿನ ಕುದುರೆಯ ನೆತ್ತಿ ಚೂಪು. ತಂತಿ ಅದನ್ನು ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ. ತಂಬೂರಿಯ ಕುದುರೆಯ ಮೇಲ್ಭಾಗ ಅಗಲವಾಗಿದ್ದು, ಕಣ್ಣಿಗೆ ಕಂಡೂ ಕಾಣದಷ್ಟು ಬಾಗಿರುತ್ತದೆ. ಕಂಪಿಸುವ ತಂತಿ ಆ ಬಾಗಿನ ಮೇಲೆ ಕ್ಷಣಕ್ಷಣಕ್ಕೂ ತಾಗಿ ಬಿಡುತ್ತ ಹೋಗುತ್ತದೆ. ತಂತಿಗೂ ಕುದುರೆಗೂ ನಡುವೆ ತೂರಿಸುವ ಹತ್ತಿಯ ನೂಲಿಗೆ ಜೀವಾಳಿ ಎಂದು ಹೆಸರು. ಅದನ್ನು ತುಸು ಹಿಂದೆ ಮುಂದೆ ಸರಿಸಿದಾಗ ಒಂದು ನೆಲೆಯಲ್ಲಿ ನಾದ ಇದ್ದಕ್ಕಿದ್ದಂತೆ ಅರಳಿ, ಒಂದೇ ತಂತಿಯೊಳಗಿಂದ ಹಲವು ಸ್ವರಗಳು ತೇಲಿಬರುತ್ತವೆ. ಕುದುರೆಯ ಆ ಬಾಗನ್ನು ಅರದಿಂದ ತಿದ್ದುವ ಕೆಲಸವೇ ಜವಾರಿ. ಮಿರಜಿನ ಕಾರ್ಖಾನೆಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಕಲಿಸುವ ವಿದ್ಯೆ ಇದು.

ಇದರ ಹಿಂದಿನ ಭೌತವಿಜ್ಞಾನವನ್ನು ಲೋಕಕ್ಕೆ ತೋರಿಸಿದವರು ಸಿ. ವಿ. ರಾಮನ್. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಉಪಸ್ವರಗಳ ಅಚಲಬಿಂದು ಬೀಳುತ್ತದೆಯೋ ಆ ಉಪಸ್ವರಗಳು ಹುಟ್ಟಕೂಡದೆಂಬುದು ಯೂರೋಪಿನ ವಿಜ್ಞಾನಿಗಳು ಮಂಡಿಸಿದ್ದ ನಿಯಮ. ವೀಣೆ ಮತ್ತು ತಂಬೂರಿಗಳಲ್ಲಿ ಆ ಉಪಸ್ವರಗಳು ಸ್ಪಷ್ಟವಾಗಿ ಕೇಳಿಬರುತ್ತವೆಂದೂ, ಕುದುರೆಯ ವಿಶೇಷ ಆಕಾರವೇ ಅದಕ್ಕೆ ಕಾರಣವೆಂದೂ ರಾಮನ್ 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದರು. ವಿಜ್ಞಾನಿಯು ಅಳೆದು ನೋಡುವ ಎಷ್ಟೋ ಮೊದಲೇ ಆ ಬಾಗನ್ನು ಕಂಡುಕೊಂಡವರು ಶಾಲೆಯ ಮೆಟ್ಟಿಲು ಹತ್ತದ ಕುಶಲಕರ್ಮಿಗಳು. ಅವರು ಸೂತ್ರ ಬರೆದಿಡಲಿಲ್ಲ. ಮಗನ ಕೈಯಲ್ಲಿ ಅರವನ್ನಿಟ್ಟು, ಅವನ ಕಿವಿಗೆ ನಾದವನ್ನು ಕೇಳಿಸಿದರು.

ಗಿಟಾರಿಗೂ ಇದೇ ಲೆಕ್ಕ

ಇಂದಿನ ಮಕ್ಕಳು ಹೆಚ್ಚು ಬಯಸುವ ವಾದ್ಯ ಗಿಟಾರ್. ಅದನ್ನು ಕೈಯಿಂದಲೇ ಕಟ್ಟುವವರು ಪ್ರಪಂಚದ ಎಲ್ಲ ಕಡೆಯೂ ಇದ್ದಾರೆ. ಗಿಟಾರ್ ಕಟ್ಟುವವನಿಗೂ ಸಿತಾರ ಕಟ್ಟುವವನಿಗೂ ಕಾಡುವ ಪ್ರಶ್ನೆಗಳು ಒಂದೇ ಬಗೆಯವು. ಮರ ಪೂರ್ತಿ ಒಣಗಿದೆಯೇ, ದಂಡಿಗೆ ನೆಟ್ಟಗಿದೆಯೇ, ಮೆಟ್ಟಿಲುಗಳು ತಮ್ಮ ಜಾಗದಲ್ಲಿವೆಯೇ ಎಂಬುವು ಅವು. ಸಿತಾರದ ಮೆಟ್ಟಿಲುಗಳನ್ನು ದಾರದಿಂದ ಕಟ್ಟುತ್ತಾರೆ, ರಾಗಕ್ಕೆ ತಕ್ಕಂತೆ ಸರಿಸಬಹುದು. ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ, ಮೇಣವನ್ನು ಕಾಯಿಸಿ ತಿದ್ದಬಹುದು. ಗಿಟಾರಿನ ಮೆಟ್ಟಿಲುಗಳನ್ನು ಮರದಲ್ಲಿ ಸೀಳು ಕೊರೆದು ಬಡಿದುಬಿಡುತ್ತಾರೆ. ಆದುದರಿಂದ ಅಲ್ಲಿ ಲೆಕ್ಕ ತಪ್ಪಿದರೆ ಮತ್ತೆ ತಿದ್ದಲು ಬರುವುದಿಲ್ಲ.

ಆ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲನು. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ದೂರ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯ ಮೆಟ್ಟಿಲಿನದು. ಬಹಳ ಗಿಟಾರುಗಳಲ್ಲಿರುವ 648 ಮಿಲಿಮೀಟರ್ ಉದ್ದದ ತಂತಿಗೆ ಮೊದಲ ಮೆಟ್ಟಿಲು ಸುಮಾರು 36.4 ಮಿಲಿಮೀಟರ್ ದೂರದಲ್ಲಿ ಬರುತ್ತದೆ. ಹೀಗೆಯೇ ಮುಂದುವರಿದರೆ ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ಅರ್ಧಕ್ಕೆ, 324 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ತಂತಿ ಅರ್ಧವಾದಾಗ ಸ್ವರ ಮೇಲಿನ ಷಡ್ಜವಾಗುತ್ತದೆ. ಈ ಸತ್ಯ ಏಕತಾರಿಗೂ ಒಂದೇ, ಗಿಟಾರಿಗೂ ಒಂದೇ.

ವಿದ್ಯುತ್ ಗಿಟಾರಿನಲ್ಲಿ ಬುರುಡೆಯ ಕೆಲಸವನ್ನು ಅಯಸ್ಕಾಂತ ಮಾಡುತ್ತದೆ. ಅಯಸ್ಕಾಂತಕ್ಕೆ ಸುತ್ತಿದ ತೆಳುತಂತಿಯ ಸುರುಳಿಯ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ, ಫ್ಯಾರಡೆ 1831ರಲ್ಲಿ ಕಂಡುಹಿಡಿದ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಯಂತ್ರದಿಂದ ಹಿಗ್ಗಿಸಿ ಕೇಳಿಸುತ್ತಾರೆ. ಅಮೆರಿಕದ ಜಾರ್ಜ್ ಬೋಶಾಂಪ್ ಈ ಬಗೆಯ ಗಿಟಾರಿಗೆ 1934ರಲ್ಲಿ ಪೇಟೆಂಟ್ ಕೋರಿದರು. ಅದು ಮಂಜೂರಾದದ್ದು 1937ರಲ್ಲಿ. ಆರು ತಂತಿಗಳ ಒಟ್ಟು ಸೆಳೆತ ಸುಮಾರು 45 ಕಿಲೊ ತೂಕದಷ್ಟಿರುವುದರಿಂದ ದಂಡಿಗೆ ಬಾಗದಿರಲೆಂದು ಒಳಗೆ ಉಕ್ಕಿನ ಸಲಾಕೆಯೊಂದನ್ನು ಅಡಗಿಸಿಡುತ್ತಾರೆ. ಅನೇಕ ಗಿಟಾರುಗಳಲ್ಲಿ ಬೆರಳಾಡುವ ಮೇಲುಹಲಗೆ ದಕ್ಷಿಣ ಭಾರತದ ಬೀಟೆಮರದ್ದು. ದೂರದ ದೇಶದ ವಾದ್ಯವೆಂದು ನಾವು ತಿಳಿದಿರುವುದರ ಮೈಮೇಲೆ ಮಲೆನಾಡಿನ ಮರವಿರುತ್ತದೆ.

ಮರದ ಮಾತು, ಮೂಳೆಯ ಮಾತು

ಕರ್ನಾಟಕದೊಳಗೆ ಈ ಕಸುಬಿನ ಇನ್ನೊಂದು ನೆಲೆ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ. ಹಲಸಿನ ಮರದಲ್ಲಿ ವೀಣೆ ಕಟ್ಟುವ ಕುಟುಂಬಗಳಿಂದಾಗಿ ಆ ಪುಟ್ಟ ಹಳ್ಳಿಗೆ ಹೆಸರು ಬಂದಿದೆ. ಬಲಿತ ಹಲಸಿನ ಮರವೇ ವೀಣೆಯ ನಾದಕ್ಕೆ ಮೂಲ. ಹಳೆಯ ಹಲಸು ಕಡಿಮೆಯಾದಂತೆ ಕಸುಬಿಗೆ ಮರದ ಚಿಂತೆ ಹೆಚ್ಚುತ್ತದೆ. ಮಂಗಳವೇಢೆಯಲ್ಲಿ ಕಹಿಸೋರೆ ಬೆಳೆಯುವ ರೈತ ಅದನ್ನು ಬಿಟ್ಟು ಕಬ್ಬಿಗೆ ತಿರುಗಿದರೆ ಮಿರಜಿನ ತಂಬೂರಿಗೂ ಅದೇ ಕಷ್ಟ. ವಾದ್ಯದ ಕಸುಬು ಎಂದೂ ಒಂಟಿಯಾಗಿ ನಿಂತಿಲ್ಲ. ಅದರ ಹಿಂದೆ ರೈತನಿದ್ದಾನೆ, ಮರ ಕೊಯ್ಯುವವನಿದ್ದಾನೆ, ತಂತಿ ಎಳೆಯುವವನಿದ್ದಾನೆ.

ಕೆಲವು ಹಳೆಯ ಸಾಮಗ್ರಿಗಳನ್ನು ಕಾನೂನು ಸರಿಯಾಗಿಯೇ ತಡೆದಿದೆ. ಕಿನ್ನರಿಯ ಮೆಟ್ಟಿಲುಗಳಿಗೆ ಹಿಂದೆ ಚಿಪ್ಪುಹಂದಿಯ ಚಿಪ್ಪನ್ನು, ಕುದುರೆಗೆ ಜಿಂಕೆಯ ಕೊಂಬನ್ನು ಬಳಸುವ ರೂಢಿಯಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಂಥ ವ್ಯಾಪಾರಕ್ಕೆ ಕಡಿವಾಣ ಹಾಕಿತು. ಕುಶಲಕರ್ಮಿಗಳು ಒಂಟೆಯ ಮೂಳೆಗೂ ಕೃತಕ ವಸ್ತುಗಳಿಗೂ ಒಗ್ಗಿಕೊಂಡರು. ಬೀಟೆಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಲ್ಲಿ ನಿರ್ಬಂಧ ಬಂದಾಗ ವಾದ್ಯ ತಯಾರಕರು ತೊಂದರೆಪಟ್ಟರು. 2019ರಲ್ಲಿ ಸಿದ್ಧವಾದ ಸಂಗೀತವಾದ್ಯಗಳಿಗೆ ಅದರಿಂದ ವಿನಾಯಿತಿ ದೊರೆಯಿತು. ಸಾಮಗ್ರಿ ಬದಲಾದರೂ ಕಸುಬು ಬದುಕಬಲ್ಲುದೆಂಬುದನ್ನು ಈ ಉದಾಹರಣೆಗಳು ತೋರಿಸುತ್ತವೆ. ಕೈ ಬದಲಾಗಿ ಬರದಿದ್ದರೆ ಮಾತ್ರ ಅದು ಬದುಕಲಾರದು.

ಕೈಗೆ ಎದುರಾಗಿ ಯಂತ್ರವೂ ಬಂದಿದೆ. ಬೆಂಗಳೂರಿನ ಇಂಜಿನಿಯರ್ ಮತ್ತು ಕೊಳಲುವಾದಕರಾದ ಜಿ. ರಾಜನಾರಾಯಣರು 1970ರ ದಶಕದ ಕೊನೆಯಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯು ಸಂಗೀತ ಕಲಿಯುವ ಅಸಂಖ್ಯ ಮಕ್ಕಳಿಗೆ ಉಪಕಾರ ಮಾಡಿತು. ದೊಡ್ಡ ತಂಬೂರಿ ಕೊಳ್ಳಲಾರದ ಮನೆಗಳಲ್ಲಿಯೂ ಶ್ರುತಿ ಕೇಳುವಂತಾಯಿತು. ಈಗ ಮೊಬೈಲಿನಲ್ಲಿಯೇ ಅದು ದೊರೆಯುತ್ತದೆ. ಅದನ್ನು ಹಳಿಯುವುದು ಸಲ್ಲದು. ಆದರೆ ಅಭ್ಯಾಸಕ್ಕೆ ಬೇಕಾಗಿದ್ದ ಸಾಧಾರಣ ತಂಬೂರಿಗಳ ಬೇಡಿಕೆ ಅದರಿಂದ ಕುಗ್ಗಿದಾಗ, ಹೊಸಗೈಗಳು ಮೊದಲು ಕಲಿಯುತ್ತಿದ್ದ ಸಾಧಾರಣ ಕೆಲಸವೇ ಕುಗ್ಗಿತು. ಕಲಿಕೆಯ ಕೆಳಗಿನ ಮೆಟ್ಟಿಲು ಮುರಿದರೆ ಮೇಲಿನ ಮೆಟ್ಟಿಲಿಗೆ ಹತ್ತುವವರು ಎಲ್ಲಿಂದ ಬರಬೇಕು?

ಕಾಗದದ ಹಕ್ಕು, ಕೈಯ ವಿದ್ಯೆ

2024ರಲ್ಲಿ ಮಿರಜಿನ ಸಿತಾರಕ್ಕೂ ಮಿರಜಿನ ತಂಬೂರಿಗೂ ಬೇರೆಬೇರೆಯಾಗಿ ಭೌಗೋಳಿಕ ಸೂಚಿಯ ನೋಂದಣಿ ದೊರೆಯಿತು. ಬೊಬ್ಬಿಲಿ ಮತ್ತು ತಂಜಾವೂರು ವೀಣೆಗಳಿಗೆ ಆ ಗೌರವ ಮೊದಲೇ ಸಂದಿತ್ತು. ತಾಂಡೂರಿನ ರೈತರಿಗೆ ಈ ಮಾತು ಹೊಸತಲ್ಲ. ಗಡಿಯಾಚೆಯ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ, ಈಚೆಯ ತಾಂಡೂರು ತೊಗರಿಗೆ 2022ರಲ್ಲಿ ಇದೇ ಮನ್ನಣೆ ಬಂದಿದೆ. ಒಂದು ವಸ್ತುವಿನ ಗುಣವಾಗಲಿ ಕೀರ್ತಿಯಾಗಲಿ ಮುಖ್ಯವಾಗಿ ಅದು ಹುಟ್ಟಿದ ಸ್ಥಳದಿಂದಲೇ ಬಂದಿದ್ದರೆ, ಆ ಸ್ಥಳದ ಹೆಸರನ್ನು ಬೇರೆಯವರು ತಮ್ಮ ಸರಕಿಗೆ ಅಂಟಿಸಿ ಮಾರಬಾರದೆಂಬುದು 1999ರ ಭೌಗೋಳಿಕ ಸೂಚಿಗಳ ಕಾಯ್ದೆಯ ಆಶಯ. ಸುಳ್ಳು ಸೂಚಿ ಹಚ್ಚಿದವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸವನ್ನೂ ದಂಡವನ್ನೂ ಆ ಕಾಯ್ದೆ ವಿಧಿಸುತ್ತದೆ.

ಪೇಟೆಂಟಿಗೂ ಇದಕ್ಕೂ ದೊಡ್ಡ ಅಂತರವಿದೆ. ಪೇಟೆಂಟ್ ಹೊಸ ಶೋಧಕ್ಕೆ ದೊರೆಯುವಂಥದು. ನಮ್ಮ ದೇಶದಲ್ಲಿ ಅದರ ಅವಧಿ 20 ವರ್ಷ, ಆ ಮೇಲೆ ಶೋಧ ಎಲ್ಲರ ಸೊತ್ತು. ಭೌಗೋಳಿಕ ಸೂಚಿ ಹಳೆಯ ವಿದ್ಯೆಗೆ ದೊರೆಯುವಂಥದು. ಅದರ ನೋಂದಣಿ 10 ವರ್ಷದ್ದಾದರೂ ಮತ್ತೆ ಮತ್ತೆ ನವೀಕರಿಸಿಕೊಳ್ಳಬಹುದು. ಪೇಟೆಂಟನ್ನು ಮಾರಬಹುದು. ಭೌಗೋಳಿಕ ಸೂಚಿಯ ಹಕ್ಕನ್ನು ಮಾರುವಂತಿಲ್ಲ, ಪರವಾನಗಿ ಕೊಡುವಂತಿಲ್ಲ, ಒತ್ತೆ ಇಡುವಂತಿಲ್ಲ ಎಂದು ಕಾಯ್ದೆಯ 24ನೆಯ ಕಲಮು ಹೇಳುತ್ತದೆ. ಹಣವುಳ್ಳ ವ್ಯಾಪಾರಿಯೊಬ್ಬನು ಮಿರಜಿನ ಹೆಸರನ್ನು ಕೊಂಡುಕೊಳ್ಳದಂತೆ ಮಾಡಿದ ಕಟ್ಟುಪಾಡು ಇದು.

ಅದೇ ಕಲಮಿನಲ್ಲಿ ಒಂದು ಅಪವಾದವಿದೆ. ಅಧಿಕೃತ ಬಳಕೆದಾರನೆಂದು ನೋಂದಾಯಿಸಿಕೊಂಡವನು ತೀರಿಕೊಂಡರೆ ಅವನ ಹಕ್ಕು ಕಾನೂನಿನಂತೆ ವಾರಸುದಾರನಿಗೆ ಬರುತ್ತದೆ. ಇಲ್ಲಿ ತುಸು ನಿಂತು ಯೋಚಿಸಬೇಕು. ತಂದೆಯ ಹಕ್ಕು ಮಗನಿಗೆ, ಮಗಳಿಗೆ ಸಲ್ಲುವುದಕ್ಕೆ ಒಂದು ಅರ್ಜಿ, ಕೆಲವು ದಾಖಲೆಗಳು ಸಾಕಾಗಬಹುದು. ಆದರೆ ಜವಾರಿ ತಿದ್ದುವ ಕೈ ಯಾವ ವಾರಸಾಪತ್ರದಿಂದಲೂ ಬರುವುದಿಲ್ಲ. ತಂದೆ ಬದುಕಿರುವಾಗಲೇ ಪಕ್ಕದಲ್ಲಿ ಕುಳಿತು, ಹತ್ತು ಕುದುರೆಗಳನ್ನು ಕೆಡಿಸಿ, ಹನ್ನೊಂದನೆಯದನ್ನು ಸರಿಮಾಡಿದಾಗ ಮಾತ್ರ ಅದು ಬರುತ್ತದೆ. ಕಾನೂನು ಹೆಸರನ್ನು ಕಾಯಬಲ್ಲುದು. ಜಿ.ಎಸ್.ಟಿ. ವ್ಯವಸ್ಥೆಯಲ್ಲಿ ದೇಶೀಯ ಕೈನಿರ್ಮಿತ ವಾದ್ಯಗಳಿಗೆ ವಿನಾಯಿತಿ ಕೊಟ್ಟು ಸರ್ಕಾರ ಬೆಲೆಯನ್ನು ಇಳಿಸಬಲ್ಲುದು. ಕಲಿಯುವ ಮಗುವನ್ನು ಮಾತ್ರ ಅವೆರಡೂ ತಂದು ಕೂರಿಸಲಾರವು.

ಗಡಿನಾಡಿನ ಕನ್ನಡ ಶಾಲೆಗಳ ಪಾಲಕರಿಗೆ ಈ ಮಾತಿನ ಅರ್ಥ ಬೇರೆಯವರಿಗಿಂತ ಬೇಗ ಆಗಬಲ್ಲುದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. 1956ರಲ್ಲಿ, ಭಾಷಾವಾರು ರಾಜ್ಯಗಳ ರಚನೆಯ ವರ್ಷದಲ್ಲಿಯೇ, ಅದು ಸಂವಿಧಾನಕ್ಕೆ ಸೇರಿತು. ಬಶೀರಾಬಾದ್, ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳ ಕನ್ನಡ ಮಕ್ಕಳ ಹಕ್ಕಿಗೆ ಅದು ಆಧಾರ. ಆದರೆ ತರಗತಿಯಲ್ಲಿ ಮಕ್ಕಳು ಕುಳಿತಿರುವವರೆಗೆ ಮಾತ್ರ ಆ ಆಧಾರಕ್ಕೆ ಬೆಲೆ. ಮಿರಜಿನ ಕಾರ್ಖಾನೆಗೂ ಗಡಿನಾಡಿನ ಕನ್ನಡ ಶಾಲೆಗೂ ಇರುವ ಕಷ್ಟ ಈ ಅರ್ಥದಲ್ಲಿ ಒಂದೇ.

ಶಾಲೆಯಲ್ಲೊಂದು ಏಕತಾರಿ

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪಾಟಿಚೀಲವಿಲ್ಲದೆ ಸ್ಥಳೀಯ ಬಡಗಿ, ಕುಂಬಾರ, ಕಲಾವಿದರ ಬಳಿ ಕೆಲಸ ಕಲಿಯಬೇಕೆಂದು ಸೂಚಿಸಿದೆ. ಆ ಹತ್ತು ದಿನಗಳಿಗೆ ಏಕತಾರಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಹಿತ್ತಲಿನ ಸೋರೆಯನ್ನು ಬಳ್ಳಿಯಲ್ಲಿಯೇ ಬಲಿಯಲು ಬಿಟ್ಟು ಒಣಗಿಸಿಟ್ಟರೆ ಬುರುಡೆಯಾಯಿತು. ಸೋರೆ ಇಲ್ಲದಿದ್ದರೆ ದೊಡ್ಡ ತೆಂಗಿನ ಚಿಪ್ಪೂ ಆದೀತು. ಕೊರೆಯುವ, ಕತ್ತರಿಸುವ ಕೆಲಸ ಊರಿನ ಬಡಗಿಯ ಕೈಯಲ್ಲಿ ನಡೆಯಲಿ. ಅಳೆಯುವ, ಬಿಗಿಯುವ, ಕೇಳುವ ಕೆಲಸ ಮಕ್ಕಳದಾಗಲಿ. ಭಜನೆಯಲ್ಲಿ ತಂತಿ ಮೀಟುವ ಹಿರಿಯರನ್ನು ಒಂದು ದಿನ ಶಾಲೆಗೆ ಕರೆದು ಕೂರಿಸಿದರೆ ಶ್ರುತಿ ಹೇಳಿಕೊಡಲು ಬೇರೆ ಗುರು ಬೇಕಿಲ್ಲ.

ತಂತಿಯ ನಡುವೆ ಬೆರಳಿಟ್ಟು ಮೀಟಿದರೆ ಮೇಲಿನ ಷಡ್ಜ ಕೇಳುತ್ತದೆ. ಮೂರರಲ್ಲಿ ಎರಡು ಪಾಲು ಕಂಪಿಸುವಂತೆ ಒತ್ತಿ ಹಿಡಿದರೆ ಪಂಚಮ ಕೇಳುತ್ತದೆ. ಭಿನ್ನರಾಶಿಯ ಲೆಕ್ಕ ಆಗ ಹಲಗೆಯಿಂದ ಇಳಿದು ಕಿವಿಗೆ ಬರುತ್ತದೆ. ಗಣಿತ, ವಿಜ್ಞಾನ, ವಚನ ಮೂರೂ ಒಂದೇ ಬುರುಡೆಯಲ್ಲಿ ಕೂಡಿಬರುವ ಪಾಠವಿದು. ಅದರ ಶಬ್ದಗಳೆಲ್ಲ ಕನ್ನಡದಲ್ಲಿ ಸಿದ್ಧವಾಗಿಯೇ ಇವೆ: ದಂಡಿಗೆ, ಸೋರೆ, ತಂತಿ, ಬಿರಡೆ, ಕುದುರೆ, ಮೆಟ್ಟಿಲು, ಜೀವಾಳಿ.

ಹೀಗೆ ಏಕತಾರಿ ಕಟ್ಟಿದ ಮಕ್ಕಳೆಲ್ಲರೂ ವಾದ್ಯ ತಯಾರಕರಾಗಬೇಕಿಲ್ಲ. ಅವರಲ್ಲಿ ಒಬ್ಬನೋ ಒಬ್ಬಳೋ ಮುಂದೊಂದು ದಿನ ಮಿರಜಿನ ಕಾರ್ಖಾನೆಯ ಬಾಗಿಲಲ್ಲಿ ನಿಂತು, ಜವಾರಿ ತಿದ್ದುವ ಹಿರಿಯರ ಕೈಯನ್ನು ನೋಡಿ, ಅಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಅರಿತರೆ ಸಾಕು. ಅರಿತವರು ಕೇಳುತ್ತಾರೆ, ಕೊಳ್ಳುತ್ತಾರೆ, ಕೆಲವರು ಕಲಿಯುತ್ತಾರೆ. ಮುಂದಿನ ಬೇಸಿಗೆಗೆ ಬುರುಡೆ ಬೇಕಾದವರು ಈ ಮುಂಗಾರಿನಲ್ಲಿಯೇ ಸೋರೆಯ ಬೀಜ ಊರಬೇಕು.